ಕೇಳುವ ಮೊದಲೇ ಉತ್ತರವಿತ್ತೆ?

ಇತಿಹಾಸ, ಅರ್ಥಶಾಸ್ತ್ರ, ರಾಜ್ಯಶಾಸ್ತ್ರಗಳನ್ನು ಆರಿಸಿಕೊಂಡು ಬಿ. ಎ. ಓದುತ್ತಿರುವ ನಾನು ಪರಮಾಣುಗಳ ವಿಚಾರವಾಗಿ ಲೇಖನ ಬರೆಯಹೊರಟರೆ ಸಹಪಾಠಿಗಳು ನಕ್ಕಾರು, ಅಧ್ಯಾಪಕರು ಹುಬ್ಬೇರಿಸಿಯಾರು. ‘ತನ್ನ ಪಾಠವನ್ನೇ ಓದಿ ಮುಗಿಸದವರಿಗೆ ಪಕ್ಕದ ಮನೆಯ ಪಾಠವೇಕೆ?’ ಎಂದು ಕೇಳುವವರೂ ಇರಬಹುದು. ಅವರೆಲ್ಲರಿಗೂ ಮೊದಲೇ ಕೈಮುಗಿದು, ಈ ಲೇಖನಕ್ಕೆ ಕಾರಣವಾದ ಸಂಗತಿಯನ್ನು ಹೇಳಿಬಿಡುತ್ತೇನೆ.

ಕಳೆದ ವರ್ಷ ನಮ್ಮ ಊರಿನ ಸಮೀಪದಲ್ಲಿ ನಡೆದ ಒಂದು ಸಮಾರಂಭಕ್ಕೆ ಹೋಗಿದ್ದೆ. ಅಲ್ಲಿಗೆ ಬಂದಿದ್ದ ಭಾಷಣಕಾರರೊಬ್ಬರು, ನೋಡುವವರಿಲ್ಲದಿದ್ದರೆ ವಸ್ತುವೇ ಇಲ್ಲವೆಂದೂ, ಜಗತ್ತೆಲ್ಲವೂ ಮನಸ್ಸಿನ ಸೃಷ್ಟಿಯೆಂದೂ ಆಧುನಿಕ ವಿಜ್ಞಾನವೇ ಸಾಧಿಸಿಬಿಟ್ಟಿದೆಯೆಂದು ಬಹಳ ಹೊತ್ತು ಮಾತನಾಡಿದರು. ‘ಕ್ವಾಂಟಂ’ ಎಂಬ ಪದ ಅವರ ಬಾಯಿಂದ ಬಂದಾಗಲೆಲ್ಲ ಚಪ್ಪಾಳೆ ಬೀಳುತ್ತಿತ್ತು. ನಾನೂ ಚಪ್ಪಾಳೆ ತಟ್ಟಿದೆ. ರಾತ್ರಿ ಮನೆಗೆ ಬಂದು ಉತ್ಸಾಹದಿಂದ ಅವ್ವನಿಗೆ ಅದನ್ನೆಲ್ಲ ವಿವರಿಸಿದೆ. ನಮ್ಮ ವಂಶದಲ್ಲಿ ಕಾಲೇಜಿನ ಮೆಟ್ಟಿಲು ಹತ್ತಿದವರಲ್ಲಿ ನಾನೇ ಮೊದಲು. ಅವ್ವ ಈಗಲೂ ಕಾಗದಪತ್ರಗಳಿಗೆ ಹೆಬ್ಬೆಟ್ಟು ಒತ್ತುವವಳು. ಒಲೆಯ ಮುಂದೆ ಕುಳಿತು ಎಲ್ಲವನ್ನೂ ಕೇಳಿದ ಅವಳು, “ಹಂಗಾರೆ ನಾ ನೋಡ್ದೆ ಇದ್ರೆ ಸೊಸೈಟಿ ಸಾಲಾನೂ ಇರಾಕಿಲ್ವಾ, ಮಗ?” ಎಂದಳು.

ನನಗೆ ಉತ್ತರ ಹೊಳೆಯಲಿಲ್ಲ. ಸಭೆಯಲ್ಲಿ ನಾನು ಕೇಳಬೇಕಾಗಿದ್ದ ಪ್ರಶ್ನೆ ಅದು. ಮರುದಿನ ನಮ್ಮೂರ ಹೈಸ್ಕೂಲಿನಲ್ಲಿ ನನಗೆ ವಿಜ್ಞಾನ ಕಲಿಸಿದ ಮೇಷ್ಟ್ರ ಬಳಿಗೆ ಹೋದೆ. ಅವರು ಬೈಯಲಿಲ್ಲ, ನಗಲೂ ಇಲ್ಲ. ಜಗುಲಿಯ ಮೇಲೆ ಸೀಮೆಸುಣ್ಣದಿಂದ ಒಂಬತ್ತು ಮನೆಗಳನ್ನು ಬರೆದು, “ಸಮ ಬೆಸ ಗೊತ್ತಲ್ಲ? ಅಷ್ಟು ಸಾಕು, ಕೂತ್ಕೊ” ಎಂದರು. ಆಮೇಲೆ ಅವರು ಕೊಟ್ಟ ಪುಸ್ತಕಗಳನ್ನು ನಿಘಂಟನ್ನು ಪಕ್ಕದಲ್ಲಿಟ್ಟುಕೊಂಡು ಹಲವು ತಿಂಗಳು ಓದಿದೆ. ಹಾಗೆ ಓದಿ ನಾನು ತಲಪಿದ ಅಭಿಪ್ರಾಯ ಇಷ್ಟು: ಕ್ವಾಂಟಂ ಸಿದ್ಧಾಂತವು ಜಗತ್ತು ಸುಳ್ಳೆಂದು ಸಾಧಿಸಿಲ್ಲ. ಅದು ಸಾಧಿಸಿರುವುದು ಅದಕ್ಕಿಂತ ಚಿಕ್ಕದಾದ, ಆದರೆ ಅದಕ್ಕಿಂತ ಹೆಚ್ಚು ಆಶ್ಚರ್ಯಕರವಾದ ಸಂಗತಿ. ಮತ್ತು ಅದರ ತಿರುಳನ್ನು ಯಾರ ಮಾತಿನ ಮೇಲೂ ನಂಬಬೇಕಾಗಿಲ್ಲ. ನಮ್ಮಂಥವರೂ ಕುಳಿತು ಪರೀಕ್ಷಿಸಿಕೊಳ್ಳಬಹುದು.

ಮೊದಲು ಪ್ರಶ್ನೆ ಏನೆಂಬುದನ್ನು ನೋಡೋಣ. ನಮ್ಮ ಅಜ್ಜಿಯ ಕಾಲದಲ್ಲಿ ರಾಗಿಯನ್ನು ಹಗೇವಿನಲ್ಲಿ ತುಂಬಿ, ಬಾಯಿಗೆ ಚಪ್ಪಡಿ ಮುಚ್ಚಿ, ಮಣ್ಣು ಮೆತ್ತಿ ಇಡುತ್ತಿದ್ದರಂತೆ. ಹೆಣ್ಣು ಕೇಳಲು ಬಂದವರ ಮುಂದೆ ‘ಹತ್ತು ಪಲ್ಲ ಇದೆ’ ಎನ್ನುತ್ತಿದ್ದ ಅಜ್ಜಿ, ಸಾಲ ಕೊಟ್ಟ ಸಾಹುಕಾರರ ಮುಂದೆ ‘ಆರು ಪಲ್ಲ ಇದ್ದರೆ ಹೆಚ್ಚು’ ಎನ್ನುತ್ತಿದ್ದರಂತೆ. ಉತ್ತರ ಸಂದರ್ಭಕ್ಕೆ ತಕ್ಕಂತೆ ಬದಲಾಗುತ್ತಿತ್ತು. ಹಗೇವಿನೊಳಗಿನ ರಾಗಿ ಬದಲಾಗುತ್ತಿರಲಿಲ್ಲ. ಯಾರು ಕೇಳಲಿ, ಬಿಡಲಿ, ಅಲ್ಲಿ ಇಷ್ಟೇ ಪಲ್ಲ ಎಂಬ ಒಂದು ಲೆಕ್ಕ ಇದ್ದೇ ಇತ್ತು. ಪ್ರತಿಯೊಂದು ಉತ್ತರದ ಹಿಂದೆಯೂ ಹೀಗೆ ಒಂದು ಖಚಿತವಾದ ರಾಶಿ ಮೊದಲೇ ಇದೆಯೆಂಬುದು ನಮ್ಮೆಲ್ಲರ ನಂಬಿಕೆ. ಈ ನಂಬಿಕೆಯಿಲ್ಲದೆ ಸಂತೆಯಾಗಲಿ ಕಚೇರಿಯಾಗಲಿ ಒಂದು ದಿನವೂ ನಡೆಯಲಾರದು.

ಪರಮಾಣುಗಳ ಲೋಕದಲ್ಲಿಯೂ ಹೀಗೆಯೇ ಇದೆಯೆ? ಇದೇ ಪ್ರಶ್ನೆ. ೧೯೨೨ರಲ್ಲಿ ಜರ್ಮನಿಯ ಫ್ರಾಂಕ್‌ಫರ್ಟಿನಲ್ಲಿ ಸ್ಟರ್ನ್ ಮತ್ತು ಗೆರ್ಲಾಕ್ ಎಂಬಿಬ್ಬರು ಬೆಳ್ಳಿಯ ಪರಮಾಣುಗಳ ಧಾರೆಯನ್ನು ಅಯಸ್ಕಾಂತವೊಂದರ ನಡುವೆ ಹಾಯಿಸಿದರು. ಹಳೆಯ ಭೌತಶಾಸ್ತ್ರದ ಪ್ರಕಾರ ಧಾರೆ ಸುಮ್ಮನೆ ಹರಡಿಕೊಳ್ಳಬೇಕಾಗಿತ್ತು. ಅದಕ್ಕೆ ಬದಲಾಗಿ ಎರಡು ಕವಲಾಗಿ ಒಡೆಯಿತು. ಒಂದೊಂದು ಪರಮಾಣುವೂ ‘ಮೇಲೆ’ ಎಂದೋ ‘ಕೆಳಗೆ’ ಎಂದೋ ಉತ್ತರ ಕೊಟ್ಟಂತಾಯಿತು. ನಡುವಿನ ಉತ್ತರವೇ ಇಲ್ಲ. ಅಯಸ್ಕಾಂತವನ್ನು ಅಡ್ಡಲಾಗಿ ತಿರುಗಿಸಿದರೆ ಉತ್ತರ ‘ಎಡ’ ಅಥವಾ ‘ಬಲ’ ಎಂದಾಗುತ್ತದೆ. ಆದರೆ ಒಂದೇ ಕಣಕ್ಕೆ ನಿಲುವು ದಿಕ್ಕಿನ ಪ್ರಶ್ನೆಯನ್ನೂ ಅಡ್ಡ ದಿಕ್ಕಿನ ಪ್ರಶ್ನೆಯನ್ನೂ ಒಟ್ಟಿಗೆ ಕೇಳುವಂತಿಲ್ಲ. ಒಂದನ್ನು ಕೇಳಿದರೆ ಇನ್ನೊಂದು ಕಲಕಿಹೋಗುತ್ತದೆ. ಒಂದೊಂದು ಕಣ ಏನು ಉತ್ತರ ಕೊಟ್ಟೀತೆಂಬುದನ್ನು ಸಿದ್ಧಾಂತ ಸಾಮಾನ್ಯವಾಗಿ ಹೇಳುವುದೂ ಇಲ್ಲ. ನೂರಕ್ಕೆ ಇಷ್ಟು ಸಂಭವ ಎಂದಷ್ಟೇ ಹೇಳುತ್ತದೆ.

ಇದನ್ನು ಕಂಡು ಅನೇಕರಿಗೆ ಅತೃಪ್ತಿಯಾಯಿತು. ಸಿದ್ಧಾಂತ ಅಪೂರ್ಣವಾಗಿರಬೇಕು, ಕಣದೊಳಗೆ ನಮಗೆ ಕಾಣದ ಯಾವುದೋ ಲೆಕ್ಕವಿದ್ದು, ಎಲ್ಲ ಉತ್ತರಗಳೂ ಅಲ್ಲಿ ಮೊದಲೇ ಬರೆದಿರಬೇಕು ಎಂದು ಅವರು ಊಹಿಸಿದರು. ಈ ಕಾಣದ ಲೆಕ್ಕಗಳಿಗೆ ವಿಜ್ಞಾನಿಗಳು ‘ಹಿಡನ್ ವೇರಿಯಬಲ್ಸ್’ ಎನ್ನುತ್ತಾರೆ. ಅದನ್ನು ‘ಗುಪ್ತಚರ’ ಎಂದು ಕನ್ನಡಿಸಿದರೆ ಪೊಲೀಸ್ ಇಲಾಖೆಯ ನೆನಪಾಗುವುದರಿಂದ ‘ಮರೆಯ ರಾಶಿಗಳು’ ಎಂದು ಕರೆಯೋಣ. ಈ ಊಹೆ ಹುಚ್ಚುತನವೇನೂ ಅಲ್ಲ. ಅನಿಲದ ಒತ್ತಡ, ಉಷ್ಣತೆಗಳ ಹಿಂದೆ ಕಾಣದ ಅಣುಗಳ ಓಡಾಟವಿದೆಯೆಂದು ಹತ್ತೊಂಬತ್ತನೆಯ ಶತಮಾನದ ವಿಜ್ಞಾನಿಗಳು ಊಹಿಸಿದ್ದರು. ಆ ಊಹೆ ನಿಜವಾಯಿತು. ೧೯೩೫ರಲ್ಲಿ ಐನ್‌ಸ್ಟೈನ್, ಪೊಡೋಲ್ಸ್ಕಿ, ರೋಸೆನ್ ಎಂಬ ಮೂವರು ಬರೆದ ಪ್ರಸಿದ್ಧ ಲೇಖನದ ವಾದವೂ ಕ್ವಾಂಟಂ ಸಿದ್ಧಾಂತದ ವರ್ಣನೆ ಅಪೂರ್ಣವೆಂಬುದೇ ಆಗಿತ್ತು.

ಇಲ್ಲಿಂದ ಮುಂದಿನ ಕಥೆ ಇತಿಹಾಸದ ವಿದ್ಯಾರ್ಥಿಯಾದ ನನಗೆ ವಿಜ್ಞಾನದಷ್ಟೇ ಮುಖ್ಯವಾಗಿ ಕಂಡಿತು. ೧೯೩೨ರಲ್ಲಿ ಫಾನ್ ನಾಯ್ಮನ್ ಎಂಬ ಮಹಾಗಣಿತಜ್ಞರು ತಮ್ಮ ಗ್ರಂಥದಲ್ಲಿ ಮರೆಯ ರಾಶಿಗಳು ಇರಲು ಸಾಧ್ಯವೇ ಇಲ್ಲವೆಂದು ಒಂದು ಸಾಧನೆಯನ್ನು ಕೊಟ್ಟರು. ಅವರ ಹೆಸರಿನ ಭಾರಕ್ಕೆ ಪ್ರಶ್ನೆಯೇ ಮುಗಿದುಹೋಯಿತೆಂದು ಬಹುಮಂದಿ ತಿಳಿದರು. ಆದರೆ ೧೯೩೫ರಲ್ಲಿ ಗ್ರೇಟೆ ಹರ್ಮನ್ ಎಂಬ ಮಹಿಳೆ ಆ ಸಾಧನೆಯಲ್ಲಿ ಒಂದು ದೋಷವನ್ನು ತೋರಿಸಿದರು. ಅವರು ಗಣಿತಜ್ಞೆ ಎಮ್ಮಿ ನೋಯ್ಥರ್ ಅವರ ಶಿಷ್ಯೆ. ಮುಂದೆ ತತ್ತ್ವಶಾಸ್ತ್ರಕ್ಕೆ ಬಂದವರು. ನಾಜಿ ಆಳ್ವಿಕೆಯ ವಿರೋಧಿ. ದೋಷ ಇಷ್ಟೇ: ಒಟ್ಟಿಗೆ ಅಳೆಯಲಾಗದ ಎರಡು ಗುಣಗಳನ್ನು ಕೂಡಿಸಿ ಒಂದು ಹೊಸ ಗುಣವನ್ನು ಮಾಡಿಕೊಂಡರೆ, ಅದರ ಬೆಲೆಯು ಆ ಎರಡರ ಬಿಡಿ ಬೆಲೆಗಳ ಮೊತ್ತವೇ ಆಗಿರಬೇಕೆಂದು ಫಾನ್ ನಾಯ್ಮನ್ ಮೊದಲೇ ಒಪ್ಪಿಕೊಂಡುಬಿಟ್ಟಿದ್ದರು. ಸರಾಸರಿಗೆ ಸಲ್ಲುವ ಈ ನಿಯಮ ಒಂದೊಂದು ಕಣದ ಮರೆಯ ರಾಶಿಗೂ ಸಲ್ಲಬೇಕೆಂಬುದಕ್ಕೆ ಆಧಾರವಿರಲಿಲ್ಲ. ಹರ್ಮನ್ ಅವರ ಮಾತನ್ನು ಆಗ ಯಾರೂ ಕಿವಿಗೆ ಹಾಕಿಕೊಳ್ಳಲಿಲ್ಲ.

೧೯೫೨ರಲ್ಲಿ ಡೇವಿಡ್ ಬೋಮ್ ಎಂಬುವರು ಇನ್ನೊಂದು ರೀತಿಯ ಉತ್ತರ ಕೊಟ್ಟರು. ಮರೆಯ ರಾಶಿಗಳುಳ್ಳ ಒಂದು ಸಿದ್ಧಾಂತವನ್ನೇ ಕಟ್ಟಿ ತೋರಿಸಿದರು. ಕ್ವಾಂಟಂ ಸಿದ್ಧಾಂತ ಹೇಳುವ ಫಲಿತಾಂಶಗಳೇ ಅದರಿಂದಲೂ ಬರುತ್ತಿದ್ದವು. ಸಾಧ್ಯವಿಲ್ಲವೆಂದು ಸಾಧಿಸಿದ್ದ ವಸ್ತು ಕಣ್ಣೆದುರಿಗೇ ಬಂದು ನಿಂತಂತಾಯಿತು. ಆಗ ಅವರು ಬ್ರೆಜಿಲ್ ದೇಶದಲ್ಲಿದ್ದರು. ಅಮೆರಿಕದ ರಾಜಕೀಯ ವಿಚಾರಣೆಯಲ್ಲಿ ಉತ್ತರ ಕೊಡಲು ನಿರಾಕರಿಸಿ ಪ್ರಿನ್ಸ್‌ಟನ್ನಿನ ಹುದ್ದೆಯನ್ನು ಕಳೆದುಕೊಂಡು ಅಲ್ಲಿಗೆ ಹೋಗಿದ್ದವರು. ಬೋಮರ ಲೇಖನಗಳನ್ನು ಓದಿ ಬೆರಗಾದವರಲ್ಲಿ ಜಾನ್ ಬೆಲ್ ಒಬ್ಬರು. ೧೯೨೮ರಲ್ಲಿ ಬೆಲ್‌ಫಾಸ್ಟ್ ನಗರದ ಬಡ ಕುಟುಂಬವೊಂದರಲ್ಲಿ ಹುಟ್ಟಿದ ಬೆಲ್, ಅಣ್ಣತಮ್ಮಂದಿರು ಹದಿನಾಲ್ಕನೆಯ ವಯಸ್ಸಿಗೆ ಶಾಲೆ ಬಿಟ್ಟ ಮನೆಯಲ್ಲಿ ತಾವೊಬ್ಬರೇ ಓದು ಮುಂದುವರಿಸಿದವರು. ಹದಿನಾರು ವರ್ಷದವರಾಗಿದ್ದಾಗ ವಿಶ್ವವಿದ್ಯಾನಿಲಯದ ಭೌತಶಾಸ್ತ್ರ ವಿಭಾಗಕ್ಕೆ ಪ್ರಯೋಗಶಾಲೆಯ ಸಹಾಯಕರಾಗಿ ಸೇರಿ, ಮರುವರ್ಷ ಅಲ್ಲಿಯೇ ವಿದ್ಯಾರ್ಥಿಯಾದರು. ಈ ಭಾಗವನ್ನು ಓದುವಾಗ ನಾನು ಪುಸ್ತಕ ಮುಚ್ಚಿಟ್ಟು ಸ್ವಲ್ಪ ಹೊತ್ತು ಸುಮ್ಮನೆ ಕುಳಿತಿದ್ದೆನೆಂದು ಹೇಳಿದರೆ ನನ್ನಂತೆ ಮೊದಲ ತಲೆಮಾರಿನಲ್ಲಿ ಓದುತ್ತಿರುವ ಗೆಳೆಯರಿಗೆ ಅರ್ಥವಾದೀತು.

ಬೆಲ್ ಅವರು ಹಳೆಯ ಸಾಧನೆಯ ದೋಷವನ್ನು ಮತ್ತೆ ಎತ್ತಿ ತೋರಿಸಿ ಅಲ್ಲಿಗೆ ನಿಲ್ಲಲಿಲ್ಲ. ದೋಷವಿಲ್ಲದ ಸಾಧನೆಯೊಂದು ಇದೆಯೆ ಎಂದು ಕೇಳಿದರು. ೧೯೬೬ರಲ್ಲಿ ಪ್ರಕಟವಾದ ಅವರ ಲೇಖನವೂ, ೧೯೬೭ರಲ್ಲಿ ಕೋಶೆನ್ ಮತ್ತು ಸ್ಪೆಕರ್ ಪ್ರಕಟಿಸಿದ ಪ್ರಮೇಯವೂ ಅದಕ್ಕೆ ಉತ್ತರಗಳು. ಕೋಶೆನ್–ಸ್ಪೆಕರರ ಸಾಧನೆಗೆ ೧೧೭ ದಿಕ್ಕುಗಳು ಬೇಕಾಗಿದ್ದವು. ೧೯೯೦ರಲ್ಲಿ ಪೆರೆಸ್ ಮತ್ತು ಮರ್ಮಿನ್ ಅದೇ ತತ್ತ್ವವನ್ನು ಒಂಬತ್ತು ಮನೆಗಳಿಗೆ ಇಳಿಸಿದರು. ಮೇಷ್ಟ್ರು ಜಗುಲಿಯ ಮೇಲೆ ಬರೆದುದು ಅದನ್ನೇ. ವಾಚಕರು ಒಂದು ಕಾಗದ ತೆಗೆದುಕೊಂಡು ಅಡ್ಡ ಮೂರು, ಉದ್ದ ಮೂರು ಮನೆಗಳನ್ನು ಹಾಕಿಕೊಳ್ಳಬೇಕೆಂದು ಕೋರುತ್ತೇನೆ.

ಎರಡು ಕಣಗಳಿವೆ. ಅವಕ್ಕೆ ಕೇಳುವ ಪ್ರಶ್ನೆಗಳು ಒಂಬತ್ತು. ಪ್ರತಿಯೊಂದಕ್ಕೂ ‘ಹೌದು’ ಅಥವಾ ‘ಅಲ್ಲ’ ಎಂಬ ಉತ್ತರ ಮಾತ್ರ.

ಮೊದಲನೆಯ ಸಾಲು: (೧) ಮೊದಲನೆಯ ಕಣ ಮೇಲಕ್ಕೆ ತಿರುಗುವುದೆ? (೨) ಎರಡನೆಯ ಕಣ ಮೇಲಕ್ಕೆ ತಿರುಗುವುದೆ? (೩) ಈ ಎರಡು ಉತ್ತರಗಳೂ ಒಂದೇ ಆಗಿರುವುವೆ?

ಎರಡನೆಯ ಸಾಲು: (೪) ಎರಡನೆಯ ಕಣ ಬಲಕ್ಕೆ ತಿರುಗುವುದೆ? (೫) ಮೊದಲನೆಯ ಕಣ ಬಲಕ್ಕೆ ತಿರುಗುವುದೆ? (೬) ಈ ಎರಡು ಉತ್ತರಗಳೂ ಒಂದೇ ಆಗಿರುವುವೆ?

ಮೂರನೆಯ ಸಾಲು: (೭) ಮೊದಲನೆಯದರ ‘ಮೇಲಕ್ಕೆ’ ಉತ್ತರವೂ ಎರಡನೆಯದರ ‘ಬಲಕ್ಕೆ’ ಉತ್ತರವೂ ಒಂದೇ ಆಗಿರುವುವೆ? (೮) ಮೊದಲನೆಯದರ ‘ಬಲಕ್ಕೆ’ ಉತ್ತರವೂ ಎರಡನೆಯದರ ‘ಮೇಲಕ್ಕೆ’ ಉತ್ತರವೂ ಒಂದೇ ಆಗಿರುವುವೆ? (೯) ಹಿಂದು–ಮುಂದು ಎಂಬ ಮೂರನೆಯ ದಿಕ್ಕಿನಲ್ಲಿ ಕೇಳಿದರೆ ಎರಡು ಕಣಗಳ ಉತ್ತರವೂ ಒಂದೇ ಆಗಿರುವುವೆ?

ಒಂದು ಸಾಲಿನ ಮೂರು ಪ್ರಶ್ನೆಗಳನ್ನು ಒಟ್ಟಿಗೆ ಕೇಳಬಹುದು. ಒಂದು ಕಂಬದ ಮೂರನ್ನೂ, ಅಂದರೆ ಮೇಲಿನಿಂದ ಕೆಳಕ್ಕೆ ಬರುವ ಮೂರನ್ನೂ, ಒಟ್ಟಿಗೆ ಕೇಳಬಹುದು. ಒಂಬತ್ತನ್ನೂ ಒಟ್ಟಿಗೆ ಕೇಳುವಂತಿಲ್ಲ. ‘ಒಂದೇ ಆಗಿರುವುವೆ’ ಎಂಬ ಪ್ರಶ್ನೆಯನ್ನು ಕಣಗಳ ಬಿಡಿ ಉತ್ತರಗಳನ್ನು ಕೇಳದೆ ನೇರವಾಗಿ ಜೋಡಿಗೇ ಕೇಳಲು ಬರುತ್ತದೆಂಬುದನ್ನು ನೆನಪಿನಲ್ಲಿಡಬೇಕು. ಹೀಗೆ ಕೇಳುವುದರಿಂದಲೇ, ಬಿಡಿಯಾಗಿ ಒಟ್ಟಿಗೆ ಕೇಳಲಾಗದ ಸಂಗತಿಗಳೂ ಒಂದು ಸಾಲಿನಲ್ಲಿ ಅಥವಾ ಕಂಬದಲ್ಲಿ ಒಟ್ಟಿಗೆ ಕೂರುತ್ತವೆ.

ಈಗ ‘ಅಲ್ಲ’ ಎಂಬ ಉತ್ತರಗಳನ್ನು ಎಣಿಸೋಣ. ಮೊದಲನೆಯ ಸಾಲಿನಲ್ಲಿ ಎರಡು ಕಣಗಳೂ ‘ಹೌದು’ ಎಂದರೆ ಮೂರನೆಯ ಮನೆಯೂ ‘ಹೌದು’, ‘ಅಲ್ಲ’ಗಳು ಸೊನ್ನೆ. ಒಂದು ‘ಹೌದು’, ಒಂದು ‘ಅಲ್ಲ’ ಆದರೆ ಉತ್ತರಗಳು ಬೇರೆಯಾದ್ದರಿಂದ ಮೂರನೆಯ ಮನೆ ‘ಅಲ್ಲ’, ಒಟ್ಟು ಎರಡು. ಎರಡೂ ‘ಅಲ್ಲ’ ಆದರೆ ಮೂರನೆಯದು ‘ಹೌದು’, ಆಗಲೂ ಎರಡೇ. ಅಂತೂ ‘ಅಲ್ಲ’ಗಳ ಸಂಖ್ಯೆ ಯಾವಾಗಲೂ ಸಮ. ಎರಡನೆಯ ಸಾಲಿಗೂ, ಮೊದಲ ಎರಡು ಕಂಬಗಳಿಗೂ ಇದೇ ಲೆಕ್ಕ. ವಾಚಕರು ಹಾಕಿ ನೋಡಬಹುದು. ಇಷ್ಟಕ್ಕೆ ಸಾಮಾನ್ಯ ಬುದ್ಧಿ ಸಾಕು.

ಉಳಿದುವು ಮೂರನೆಯ ಸಾಲು ಮತ್ತು ಮೂರನೆಯ ಕಂಬ. ಅವುಗಳ ವಿಷಯದಲ್ಲಿ ಕ್ವಾಂಟಂ ಸಿದ್ಧಾಂತ ಖಚಿತವಾದ ಮಾತನ್ನು ಹೇಳುತ್ತದೆ. ಇಲ್ಲಿ ನೂರಕ್ಕೆ ಇಷ್ಟು ಎಂಬ ಸಂಭವದ ಮಾತಿಲ್ಲ. ಕಣಗಳು ಯಾವ ಸ್ಥಿತಿಯಲ್ಲಿದ್ದರೂ ಸರಿಯೆ, ಮೂರನೆಯ ಸಾಲಿನಲ್ಲಿ ‘ಅಲ್ಲ’ಗಳು ಸಮ, ಮೂರನೆಯ ಕಂಬದಲ್ಲಿ ‘ಅಲ್ಲ’ಗಳು ಬೆಸ.

ಒಂಬತ್ತು ಉತ್ತರಗಳೂ ಕೇಳುವ ಮೊದಲೇ ಮನೆಮನೆಯಲ್ಲಿ ಬರೆದಿದ್ದವೆಂದು ಇಟ್ಟುಕೊಳ್ಳೋಣ. ಸಾಲುಸಾಲಾಗಿ ‘ಅಲ್ಲ’ಗಳನ್ನು ಎಣಿಸಿದರೆ ಸಮ, ಸಮ, ಸಮ, ಒಟ್ಟು ಸಮ. ಕಂಬಕಂಬವಾಗಿ ಎಣಿಸಿದರೆ ಸಮ, ಸಮ, ಬೆಸ, ಒಟ್ಟು ಬೆಸ. ಎಣಿಸಿದ ಮನೆಗಳು ಅವೇ ಒಂಬತ್ತು! ಒಂದೇ ಚೀಲದ ರಾಗಿಯನ್ನು ಎಡಗೈಯಿಂದ ಅಳೆದರೆ ಒಂದು, ಬಲಗೈಯಿಂದ ಅಳೆದರೆ ಇನ್ನೊಂದು ಆಗಲು ಸಾಧ್ಯವೆ? ಆದುದರಿಂದ ಅಂಥ ಬರಹ ಇರಲಾರದು. ನಾನು ಇದನ್ನು ಸುಳ್ಳು ಮಾಡಬೇಕೆಂದು ಒಂದು ಸಂಜೆಯೆಲ್ಲ ಮನೆಗಳನ್ನು ತುಂಬಿ ನೋಡಿದೆ. ಯಾವಾಗಲೂ ಐದು ನಿಯಮಗಳು ಕೂಡಿಬಂದು ಆರನೆಯದು ಕೈಕೊಡುತ್ತಿತ್ತು. ಮೇಷ್ಟ್ರು ನಕ್ಕು, “ಬ್ರಹ್ಮ ಬಂದರೂ ತುಂಬಲಾರ” ಎಂದರು.

ಇಲ್ಲಿ ಫಾನ್ ನಾಯ್ಮನ್ನರ ದೋಷವಿಲ್ಲವೆಂಬುದನ್ನು ಗಮನಿಸಬೇಕು. ಒಟ್ಟಿಗೆ ಕೇಳಬಹುದಾದ ಪ್ರಶ್ನೆಗಳ ನಡುವಿನ ಸಂಬಂಧವನ್ನು ಮಾತ್ರ ನಾವು ಬಳಸಿದ್ದೇವೆ. ಹಾಗಾದರೆ ನಾವು ಬಿಡಬೇಕಾದುದು ಯಾವುದು? ಒಂದು ಪ್ರಶ್ನೆಯ ಉತ್ತರ, ಅದರ ಜೊತೆಯಲ್ಲಿ ಇನ್ನಾವ ಪ್ರಶ್ನೆಗಳನ್ನು ಕೇಳುತ್ತೇವೆಂಬುದನ್ನು ಅವಲಂಬಿಸದೆ ಮೊದಲೇ ಸ್ಥಿರವಾಗಿದೆಯೆಂಬ ನಂಬಿಕೆಯನ್ನು. ಒಂಬತ್ತನೆಯ ಮನೆಯನ್ನು ಸಾಲಿನವರ ಜೊತೆಯಲ್ಲಿ ಕೇಳಿದಾಗಲೂ ಕಂಬದವರ ಜೊತೆಯಲ್ಲಿ ಕೇಳಿದಾಗಲೂ ಒಂದೇ ಉತ್ತರ ಕಾದಿತ್ತೆಂದು ಹೇಳುವಂತಿಲ್ಲ. ಇದಕ್ಕೆ ‘ಸಂದರ್ಭಾಧೀನತೆ’ ಎಂಬ ಹೆಸರನ್ನು ಕೊಡಬಹುದು.

ಇಷ್ಟು ಓದಿದವರಿಗೆ ಆನೆಯನ್ನು ಮುಟ್ಟಿ ನೋಡಿದ ಕುರುಡರ ಕಥೆ ನೆನಪಾದೀತು. ನನಗೂ ಹಾಗೆಯೇ ಆಯಿತು. ಜೈನರ ಸ್ಯಾದ್ವಾದವೇ ಇದಲ್ಲವೆ ಎಂದುಕೊಂಡೆ. ಆದರೆ ನಿಧಾನವಾಗಿ ಯೋಚಿಸಿದರೆ ಒಂದು ದೊಡ್ಡ ವ್ಯತ್ಯಾಸ ಕಾಣುತ್ತದೆ. ಒಬ್ಬನಿಗೆ ಕಂಬ, ಒಬ್ಬನಿಗೆ ಮೊರ, ಒಬ್ಬನಿಗೆ ಹಗ್ಗ ಎಂದು ಕಂಡರೂ ಅಲ್ಲಿ ಒಂದು ಆನೆಯಿತ್ತು. ಎಲ್ಲರ ಮಾತನ್ನೂ ಜೋಡಿಸಿದರೆ ಆನೆಯ ಚಿತ್ರ ದೊರೆಯುತ್ತದೆ. ಕಥೆಯ ಸಾರವೇ ಅದು. ನಮ್ಮ ಒಂಬತ್ತು ಮನೆಗಳಲ್ಲಿ ಆರು ಜನ ನೋಡುತ್ತಾರೆಂದುಕೊಳ್ಳಿ. ಒಬ್ಬೊಬ್ಬನು ಒಂದು ಸಾಲನ್ನು ಇಲ್ಲವೆ ಒಂದು ಕಂಬವನ್ನು ನೋಡುತ್ತಾನೆ. ಒಬ್ಬೊಬ್ಬನ ವರದಿಯೂ ನಿಯಮಕ್ಕೆ ಸರಿಯಾಗಿದೆ; ಯಾರೂ ಸುಳ್ಳು ಹೇಳಿಲ್ಲ. ಆದರೆ ಆರು ವರದಿಗಳನ್ನು ಜೋಡಿಸಿ ಒಂದು ಚಿತ್ರ ಮಾಡಲು ಹೋದರೆ ಚಿತ್ರವೇ ಕೂಡಿಬರುವುದಿಲ್ಲ. ತುಂಡುಗಳೆಲ್ಲ ನಿಜ, ಅವುಗಳನ್ನು ಅಂಟಿಸಿ ಮಾಡುವ ಆನೆ ಇಲ್ಲ. ಇಂಥ ಸಂಗತಿಯನ್ನು ನಾನು ಓದಿದ ಯಾವ ಕಥೆಯೂ ಹೇಳುವುದಿಲ್ಲ. ಆದ್ದರಿಂದ ಇದನ್ನು ಹಳೆಯ ಕಥೆಯ ಪುನರುಕ್ತಿಯೆನ್ನುವುದು ಕಥೆಗೂ ಗೌರವವಲ್ಲ, ವಿಜ್ಞಾನಕ್ಕೂ ಗೌರವವಲ್ಲ.

ಕಾಗದದ ಮೇಲಿನ ಲೆಕ್ಕ ಹಾಗಿರಲಿ, ಪ್ರಕೃತಿ ಇದನ್ನು ಒಪ್ಪುವುದೆ? ಆಸ್ಟ್ರಿಯಾದ ಇನ್ಸ್‌ಬ್ರುಕ್ ನಗರದಲ್ಲಿ ಎರಡು ಕ್ಯಾಲ್ಸಿಯಂ ಅಯಾನುಗಳನ್ನು ಹಿಡಿದಿಟ್ಟು ಈ ಒಂಬತ್ತು ಮನೆಗಳ ಪರೀಕ್ಷೆಯನ್ನೇ ಮಾಡಿ ೨೦೦೯ರಲ್ಲಿ ಫಲಿತಾಂಶ ಪ್ರಕಟಿಸಿದರು. ಆರು ನಿಯಮಗಳಲ್ಲಿ ಕೂಡಿಬಂದುದಕ್ಕೆ ಒಂದು ಅಂಕ, ತಪ್ಪಿದುದಕ್ಕೆ ಒಂದು ಅಂಕ ಕಡಿತ ಎಂದು ಇಟ್ಟುಕೊಂಡರೆ, ಉತ್ತರಗಳು ಮೊದಲೇ ಬರೆದಿದ್ದ ಪಕ್ಷದಲ್ಲಿ ಐದು ಕೂಡಿ ಒಂದು ತಪ್ಪಿ ಹೆಚ್ಚೆಂದರೆ ೪ ಅಂಕ ಬರಬಹುದು. ಕ್ವಾಂಟಂ ಸಿದ್ಧಾಂತದ ಪ್ರಕಾರ ೬ ಬರಬೇಕು. ಅವರಿಗೆ ಬಂದುದು ೫.೪೬. ಉಪಕರಣಗಳು ಪರಿಪೂರ್ಣವಲ್ಲವಾದ್ದರಿಂದ ೬ ಮುಟ್ಟಲಿಲ್ಲ. ಆದರೆ ೪ನ್ನು ದಾಟಿ ಬಹುದೂರ ಹೋಯಿತು.

ಇನ್ನೊಂದು ಹೆಜ್ಜೆ ಉಂಟು. ಅದು ಬೆಲ್ ಅವರ ಹೆಸರನ್ನು ಶಾಶ್ವತಗೊಳಿಸಿದ ಹೆಜ್ಜೆ. ಉತ್ತರ ಜೊತೆಯ ಪ್ರಶ್ನೆಯನ್ನು ಅವಲಂಬಿಸುವುದಾದರೆ ಅವಲಂಬಿಸಲಿ, ಒಂದೇ ಉಪಕರಣದಲ್ಲಿ ಒಂದನ್ನೊಂದು ತಾಗುವುದರಲ್ಲಿ ಆಶ್ಚರ್ಯವೇನು ಎಂದು ಯಾರಾದರೂ ಕೇಳಬಹುದು. ಬೋಮರ ಸಿದ್ಧಾಂತವೂ ಅಂಥ ಅವಲಂಬನೆಯನ್ನು ಒಪ್ಪಿಕೊಂಡೇ ನಿಂತಿದೆ. ಆದರೆ ಜೊತೆಯ ಪ್ರಶ್ನೆಯನ್ನು ಬಹುದೂರದಲ್ಲಿ ಕೇಳಿದರೆ? ಆಗಲೂ ಇಲ್ಲಿನ ಮರೆಯ ರಾಶಿ 'ಅಲ್ಲಿ ಯಾವ ಪ್ರಶ್ನೆ ಕೇಳಿದರು' ಎಂಬುದನ್ನು ತಿಳಿದಂತೆ ವರ್ತಿಸಬೇಕಾಗುತ್ತದೆ. ಹಾಗೆ ತಿಳಿಯದ ಮರೆಯ ರಾಶಿಗಳು ಒಂದು ಮಿತಿಯನ್ನು ದಾಟಲಾರವೆಂದು ಬೆಲ್ ೧೯೬೪ರಲ್ಲಿ ತೋರಿಸಿದರು. ೧೯೭೨ರಲ್ಲಿ ಫ್ರೀಡ್ಮನ್ ಮತ್ತು ಕ್ಲೌಸರ್, ೧೯೮೨ರಲ್ಲಿ ಆಸ್ಪೆ ಮತ್ತು ಸಂಗಡಿಗರು ಬೆಳಕಿನ ಕಣಗಳಿಂದ ಪರೀಕ್ಷಿಸಿದಾಗ ಆ ಮಿತಿ ಮುರಿಯಿತು. ೨೦೧೫ರಲ್ಲಿ ಹಾಲೆಂಡಿನ ಡೆಲ್ಫ್ಟ್ ನಗರದಲ್ಲಿ ೧.೩ ಕಿಲೋಮೀಟರ್ ದೂರದ ಎರಡು ಪ್ರಯೋಗಶಾಲೆಗಳ ನಡುವೆ, ಹಿಂದಿನ ಪ್ರಯೋಗಗಳಲ್ಲಿ ಉಳಿದಿದ್ದ ಮುಖ್ಯ ಸಂದುಗಳನ್ನೂ ಮುಚ್ಚಿ ನೋಡಿದರು, ಆಗಲೂ ಮುರಿಯಿತು. ೨೦೨೨ರ ಭೌತಶಾಸ್ತ್ರದ ನೊಬೆಲ್ ಪಾರಿತೋಷಕ ಆಸ್ಪೆ, ಕ್ಲೌಸರ್, ಜೈಲಿಂಗರ್ ಈ ಮೂವರಿಗೆ ಬಂದಿತು. ಬೆಲ್ ಆ ವೇಳೆಗೆ ಇರಲಿಲ್ಲ, ೧೯೯೦ರಲ್ಲಿಯೇ ತೀರಿಕೊಂಡಿದ್ದರು. ನಮ್ಮ ಬೆಂಗಳೂರಿನ ರಾಮನ್ ಸಂಶೋಧನಾ ಸಂಸ್ಥೆಯಲ್ಲಿಯೂ ಒಂಟಿ ಬೆಳಕಿನ ಕಣಗಳನ್ನು ಬಳಸಿ ಇಂಥ ಮೂಲಪ್ರಶ್ನೆಗಳ ಪರೀಕ್ಷೆಗಳು ನಡೆದಿವೆಯೆಂಬುದು ನಮಗೆ ಸಂತೋಷದ ಸಂಗತಿ.

ಈಗ ಸಮಾರಂಭದ ಭಾಷಣಕ್ಕೆ ಬರೋಣ. ಮೇಲಿನ ಲೆಕ್ಕದಲ್ಲಿ ಮನಸ್ಸು ಎಲ್ಲಿ ಬಂದಿತು? ಎಲ್ಲಿಯೂ ಇಲ್ಲ. ಅಯಾನುಗಳಿದ್ದವು, ಅವನ್ನು ಹಿಡಿದಿಟ್ಟ ಯಂತ್ರವಿತ್ತು, ಉತ್ತರಗಳ ದಾಖಲೆಯಿತ್ತು. ಪ್ರಯೋಗ ನಡೆಯುವಾಗ ಕೋಣೆಯಲ್ಲಿ ಯಾರೂ ಇಲ್ಲದೆ ಯಂತ್ರವೇ ಬರೆದುಕೊಂಡಿದ್ದರೂ ಪ್ರಮೇಯದ ಮಾತು ಅದೇ. ‘ನೋಡುವವರಿಲ್ಲದಿದ್ದರೆ ವಸ್ತುವೇ ಇಲ್ಲ’ ಎಂಬುದು ಒಂದು ಮಾತು. ‘ಕೆಲವು ಪ್ರಶ್ನೆಗಳಿಗೆ ಸಂದರ್ಭವನ್ನು ಬಿಟ್ಟು ಮೊದಲೇ ಬರೆದ ಉತ್ತರವಿಲ್ಲ’ ಎಂಬುದು ಇನ್ನೊಂದು ಮಾತು. ಎರಡನೆಯದಕ್ಕೆ ಸಾಧನೆಯಿದೆ, ಮೊದಲನೆಯದಕ್ಕೆ ಇಲ್ಲ. ಮರೆಯ ರಾಶಿಗಳೇ ಇಲ್ಲವೆಂದೂ ಸಿದ್ಧವಾಗಿಲ್ಲ. ಸಂದರ್ಭವನ್ನೂ ದೂರದ ಪ್ರಭಾವವನ್ನೂ ಒಪ್ಪುವ ಬೋಮರ ದಾರಿ ಈಗಲೂ ತೆರೆದಿದೆ. ಬೇರೆ ವ್ಯಾಖ್ಯಾನಗಳೂ ಇವೆ, ವಿಜ್ಞಾನಿಗಳಲ್ಲಿಯೇ ಒಮ್ಮತವಿಲ್ಲ. ಹಾಗೆಯೇ, ‘ಇದೆಲ್ಲ ನಮ್ಮ ಅಜ್ಞಾನ ಮಾತ್ರ, ಹಗೇವಿನಲ್ಲಿ ರಾಗಿ ಇರುವಂತೆ ಉತ್ತರಗಳು ಒಳಗೆ ಇದ್ದೇ ಇವೆ’ ಎಂದು ತಳ್ಳಿಹಾಕುವವರ ಮಾತೂ ಅಷ್ಟು ಸುಲಭವಾಗಿ ನಿಲ್ಲುವುದಿಲ್ಲ. ಭಾಷಣಕಾರರು ಬೇಡದಷ್ಟು ಹೇಳಿದರು; ಇವರು ಬೇಕಾದಷ್ಟು ಹೇಳುವುದಿಲ್ಲ.

ನಮ್ಮ ಹಿರಿಯರ ತತ್ತ್ವಚಿಂತನೆಯನ್ನು ಹಗುರ ಮಾಡಬೇಕೆಂದು ನಾನು ಈ ಮಾತು ಹೇಳುತ್ತಿಲ್ಲ. ಅದ್ವೈತವಾಗಲಿ ಸ್ಯಾದ್ವಾದವಾಗಲಿ ತಮ್ಮ ತರ್ಕದ ಬಲದಿಂದ ನಿಂತಿರುವ ದರ್ಶನಗಳು. ಅವುಗಳಿಗೆ ಇನ್ಸ್‌ಬ್ರುಕ್ಕಿನ ಪ್ರಯೋಗಶಾಲೆಯ ಶಿಫಾರಸು ಪತ್ರ ಬೇಕಾಗಿಲ್ಲ. ಪರೀಕ್ಷಿಸದೆ ಎರಡನ್ನೂ ಒಂದೇ ಹಗ್ಗದಲ್ಲಿ ಕಟ್ಟುವುದರಿಂದ ಎರಡನ್ನೂ ಓದದಿರಲು ನೆಪ ಸಿಕ್ಕಂತಾಗುತ್ತದೆ.

ಇದಕ್ಕಿಂತ ಮುಖ್ಯವೆಂದು ನನಗೆ ತೋರುವುದು ಇನ್ನೊಂದು ವಿಷಯ. ಫಾನ್ ನಾಯ್ಮನ್ನರ ಸಾಧನೆಯಲ್ಲಿದ್ದ ದೋಷ ಮೂವತ್ತು ವರ್ಷಗಳ ಕಾಲ ಎಲ್ಲರ ಕಣ್ಣೆದುರಿಗೇ ಇತ್ತು. ನೋಡಬಲ್ಲವರಿಗೆ ಕೊರತೆಯಿರಲಿಲ್ಲ; ‘ಅಷ್ಟು ದೊಡ್ಡವರು ಹೇಳಿದ ಮೇಲೆ ನೋಡುವುದೇನು’ ಎಂಬ ಭಾವನೆ ಅಡ್ಡವಾಗಿತ್ತು. ನಮ್ಮ ತರಗತಿಗಳಲ್ಲಿಯೂ ಅದೇ ಭಾವನೆ ಇಲ್ಲವೆ? ಪ್ರಶ್ನೆ ಕೇಳಿದರೆ ಅಧಿಕಪ್ರಸಂಗವಾದೀತೆಂದು ನಾವು ಸುಮ್ಮನಿರುತ್ತೇವೆ. ಅದರಲ್ಲಿಯೂ ಮನೆಯಲ್ಲಿ ಮೊದಲು ಓದಿದವರಿಗೆ ಈ ಅಳುಕು ಹೆಚ್ಚು. ನಮ್ಮ ಪ್ರಶ್ನೆ ದಡ್ಡ ಪ್ರಶ್ನೆಯಿರಬೇಕು, ಉಳಿದವರಿಗೆಲ್ಲ ಉತ್ತರ ಗೊತ್ತಿರಬೇಕು ಎಂದುಕೊಳ್ಳುತ್ತೇವೆ. ಹತ್ತನೆಯ ತರಗತಿಯಾದ ಮೇಲೆ ಟ್ಯೂಷನ್ನಿಗೆ ಹಣವಿಲ್ಲದೆ ವಿಜ್ಞಾನವನ್ನು ಬಿಟ್ಟು ಕಲಾವಿಭಾಗಕ್ಕೆ ಬಂದ ನನಗೆ, ಆ ಬಾಗಿಲು ಮುಚ್ಚಿಹೋಯಿತೆಂದೇ ಅನಿಸಿತ್ತು. ‘ಆರ್ಟ್ಸಿನವರಿಗೆ ಇದೆಲ್ಲ ಯಾಕೆ?’ ಎಂಬ ಮಾತನ್ನು ಎಷ್ಟು ಸಲ ಕೇಳಿದ್ದೇನೋ ಲೆಕ್ಕವಿಲ್ಲ. ಈ ವಿಷಯದ ಗಣಿತವನ್ನೆಲ್ಲ ನಾನು ಬಲ್ಲೆನೆಂದು ಹೇಳಲಾರೆ. ಮೂರನೆಯ ಕಂಬ ಬೆಸವೇಕೆಂಬುದನ್ನು ಸಾಧಿಸುವ ಗಣಿತ ನನಗೆ ಇನ್ನೂ ಪೂರ್ತಿ ಕೈವಶವಾಗಿಲ್ಲ. ಆದರೆ ಆ ಒಂದು ಮಾತನ್ನು ಸಿದ್ಧಾಂತದಿಂದಲೂ ಪ್ರಯೋಗದಿಂದಲೂ ಪಡೆದುಕೊಂಡ ಮೇಲೆ, ಉಳಿದ ತರ್ಕವೆಲ್ಲ ನನ್ನದು. ಅದನ್ನು ನನ್ನ ಕೈಯಿಂದ ಯಾವ ಭಾಷಣಕಾರರೂ ಕಿತ್ತುಕೊಳ್ಳಲಾರರು.

ಆದುದರಿಂದ ನಮ್ಮ ಅಧ್ಯಾಪಕವೃಂದದಲ್ಲಿ ಒಂದು ವಿನಂತಿ. ತಿಂಗಳಿಗೊಂದು ಸಂಜೆ, ಪರೀಕ್ಷೆಗೆ ಬಾರದ ಒಂದು ವಿಷಯವನ್ನು ತೆಗೆದುಕೊಂಡು, ಅದನ್ನು ಬಲ್ಲವರೊಬ್ಬರನ್ನು ಕರೆಸಿ, ಅರ್ಧ ಗಂಟೆ ಉಪನ್ಯಾಸ, ಒಂದು ಗಂಟೆ ಪ್ರಶ್ನೆ ಎಂಬ ಕ್ರಮದಲ್ಲಿ ಒಂದು ಚರ್ಚಾಕೂಟವನ್ನು ನಡೆಸಬಾರದೇಕೆ? ಅಲ್ಲಿ ಚಪ್ಪಾಳೆಗೆ ಮೊದಲು ಪ್ರಶ್ನೆ ಬರಬೇಕೆಂಬುದೊಂದೇ ನಿಯಮವಿರಲಿ. ನಾನು ಈ ವರ್ಷ ಕಾಲೇಜನ್ನು ಬಿಟ್ಟು ಹೋಗುವೆ; ಮುಂದೆ ಬರುವವರಿಗಾದರೂ ಅದು ದೊರೆಯಲಿ.

ಅವ್ವನಿಗೆ ಕೊನೆಗೂ ಉತ್ತರ ಹೇಳಿದೆ. “ಸಾಲ ಐತೆ ಕಣವ್ವ. ನೀನು ನೋಡಿದ್ರೂ ಐತೆ, ನೋಡ್ದಿದ್ರೂ ಐತೆ” ಎಂದೆ. ಆಮೇಲೆ ನೆಲದ ಮೇಲೆ ಒಂಬತ್ತು ಮನೆ ಬರೆದು, ‘ಅಲ್ಲ’ ಎನ್ನುವ ಕಡೆ ಹುಣಸೆಬೀಜ ಇಟ್ಟು ಎಣಿಸಲು ಹೇಳಿದೆ. ಅಕ್ಷರ ಬಾರದಿದ್ದರೂ ಎಣಿಕೆಯಲ್ಲಿ ಅವಳನ್ನು ಸೋಲಿಸುವವರಿಲ್ಲ. ನಾಲ್ಕು ಸಲ ಇಟ್ಟು ತೆಗೆದಳು. ಬೀಜಗಳನ್ನು ಮಡಿಲಿಗೆ ಹಾಕಿಕೊಂಡು, “ಆ ಭಾಷಣ ಮಾಡಿದೋರು ಇದನ್ನ ಎಣಿಸಿ ನೋಡಿದ್ರಾ?” ಎಂದು ಕೇಳಿದಳು.

— ಅಂತಿಮ ಬಿ. ಎ. ತರಗತಿಯ ಒಬ್ಬ ವಿದ್ಯಾರ್ಥಿ